ತಬಲಾದ ಮೇಲೆಯೇ ಭೌತಶಾಸ್ತ್ರದ ಪ್ರಾಜೆಕ್ಟ್ ಮಾಡಬಹುದೇ?

ಪ್ರಶ್ನೆ: ಸರ್, ನಮಸ್ಕಾರ. ಬಳ್ಳಾರಿಯಲ್ಲಿ ಎಂ.ಎಸ್ಸಿ. ಭೌತಶಾಸ್ತ್ರದ ಕೊನೆಯ ವರ್ಷದಲ್ಲಿದ್ದೇನೆ. ಎಂಟು ವರ್ಷಗಳಿಂದ ತಬಲಾ ಕಲಿಯುತ್ತಿದ್ದೇನೆ. ಹಂಪಿಯ ವಿಜಯವಿಠ್ಠಲ ಗುಡಿಯ ನಾದದ ಕಂಬಗಳ ಮೇಲೆ ಪ್ರಾಜೆಕ್ಟ್ ಮಾಡುವ ಆಸೆಯಿತ್ತು. ಸಂಗೀತ ಹವ್ಯಾಸವಾಗಿರಲಿ, ಪ್ರಾಜೆಕ್ಟಿಗೆ ಬೇಡ ಎಂದು ಮಾರ್ಗದರ್ಶಕರು ಹೇಳುತ್ತಾರೆ. ಎರಡನ್ನೂ ಕೂಡಿಸುವುದು ತಪ್ಪೇ?

ಉತ್ತರ (ನಿವೃತ್ತ ಭೌತಶಾಸ್ತ್ರ ಅಧ್ಯಾಪಕ, ಕೊಪ್ಪಳ): ಖಂಡಿತ ತಪ್ಪಲ್ಲ, ತಂಗಿ. ಸಿ.ವಿ. ರಾಮನ್ ಅವರು ನಮ್ಮ ಚರ್ಮವಾದ್ಯಗಳ ನಾದದ ಬಗ್ಗೆ 1920ರಲ್ಲಿಯೂ 1934ರಲ್ಲಿಯೂ ಸಂಶೋಧನಾ ಲೇಖನಗಳನ್ನು ಪ್ರಕಟಿಸಿದ್ದಾರೆ. ಬರಿಯ ಚರ್ಮವನ್ನು ಬಿಗಿದು ಬಾರಿಸಿದರೆ ಮೂಲ ಕಂಪನದ ಜೊತೆಗೆ ಅದರ ಸುಮಾರು 1.59, 2.14, 2.30 ಪಟ್ಟಿನ ಕಂಪನಗಳು ಏಳುವುದರಿಂದ ಕಿವಿಗೆ ಸ್ಪಷ್ಟವಾದ ಸ್ವರ ಸಿಗುವುದಿಲ್ಲ. ತಬಲಾದ ಚರ್ಮದ ನಡುವೆ ಮೆತ್ತಿರುವ ಕಪ್ಪು ಲೇಪದ, ಅಂದರೆ ಶಾಹಿಯ, ಭಾರವು ಇವನ್ನು ಹೆಚ್ಚುಕಡಿಮೆ 2, 3, 4, 5 ಪಟ್ಟಿಗೆ ತಂದು ಕೂಡಿಸುತ್ತದೆ. ‘ನಾ’ ಎಂಬ ಬೋಲನ್ನು (ಪೆಟ್ಟಿನ ಅಕ್ಷರವನ್ನು) ನುಡಿಸುವಾಗ ಉಂಗುರ ಬೆರಳನ್ನು ಶಾಹಿಯ ಅಂಚಿನ ಮೇಲೆ ಹಗುರಾಗಿ ಊರಿ ಚರ್ಮದ ಹೊರ ಅಂಚಾದ ಕಿನಾರಕ್ಕೆ ತೋರುಬೆರಳು ಹೊಡೆಯುತ್ತೀರಲ್ಲ, ಆ ಬೆರಳೇ ಮೂಲ ಕಂಪನವನ್ನು ತಡೆದು ಮೇಲಿನವನ್ನು ಉಳಿಸುತ್ತದೆ. ಎಂಟು ವರ್ಷಗಳ ರಿಯಾಜ್ ನಿಮ್ಮ ಕೈಗೆ ಕೊಟ್ಟ ಈ ತಿಳಿವಳಿಕೆ ಪ್ರಯೋಗಾಲಯದಲ್ಲಿ ಬಹಳ ಬೆಲೆಯುಳ್ಳದ್ದು.

ಹಂಪಿಯ ಕಂಬಗಳನ್ನು ಮಾತ್ರ ಬಿಡಿ. ಅವುಗಳನ್ನು ಬಾರಿಸುವುದಕ್ಕೆ ನಿಷೇಧವಿದೆ, ಅದು ಇರಬೇಕಾದದ್ದೇ. ಅಳತೆಗೆ ಸಿಗದ ವಿಷಯವಾದೀತೆಂಬ ಅಂಜಿಕೆ ಮಾರ್ಗದರ್ಶಕರಿಗೆ ಇರಬಹುದು. ಆದ್ದರಿಂದ ಪ್ರಶ್ನೆಯನ್ನು ಒಂದೇ ವಾಕ್ಯಕ್ಕೆ ಇಳಿಸಿ ಅವರ ಮುಂದಿಡಿ: ಶಾಹಿ ಹೊಸದಾಗಿರುವ ಪುಡಿಗೂ (ತಬಲಾದ ಬಾಯಿಗೆ ಬಿಗಿಯುವ ಚರ್ಮದ ಹೊದಿಕೆಗೂ) ಶಾಹಿ ಸವೆದು ಬಿರುಕು ಬಿಟ್ಟ ಪುಡಿಗೂ ಈ ಅನುಪಾತಗಳಲ್ಲಿ ಎಷ್ಟು ವ್ಯತ್ಯಾಸವಿದೆ? ಒಂದು ಮೈಕ್, ಒಂದು ಲ್ಯಾಪ್‌ಟಾಪ್, ಫೂರಿಯೆ ವಿಶ್ಲೇಷಣೆ (ನಾದವನ್ನು ಅದರ ಬಿಡಿ ಕಂಪನಗಳಾಗಿ ಒಡೆಯುವುದು) ಮಾಡುವ ಉಚಿತ ತಂತ್ರಾಂಶ, ಇಷ್ಟು ಸಾಕು.

ಮರುಪ್ರಶ್ನೆ: ಕೈಯ ಪೆಟ್ಟು ಪ್ರತಿ ಸಲವೂ ಒಂದೇ ತೂಕದಲ್ಲಿ ಬೀಳುವುದಿಲ್ಲವಲ್ಲ ಸರ್?

ಉತ್ತರ: ಒಳ್ಳೆಯ ಸಂಶಯ. ಪೆಟ್ಟಿನ ತೂಕದಿಂದ ಮುಖ್ಯವಾಗಿ ಬದಲಾಗುವುದು ನಾದದ ಜೋರು. ನೀವು ಹೋಲಿಸುವುದು ಕಂಪನಗಳ ಅನುಪಾತವನ್ನು. ಆದರೂ ಮೈಕನ್ನು ಕದಲಿಸದೆ ಪ್ರತಿ ಬೋಲನ್ನೂ ಇಪ್ಪತ್ತು ಸಲ ನುಡಿಸಿ, ಸರಾಸರಿಯ ಜೊತೆಗೆ ಏರಿಳಿತವನ್ನೂ ಬರೆಯಿರಿ. ನಮ್ಮ ಕಡೆಯ ಒಣ ಬಿಸಿಲಿಗೆ ಪುಡಿ ಬಿಗಿದುಕೊಂಡು ಶ್ರುತಿ ಏರುವುದು ನಿಮಗೇ ಗೊತ್ತು. ಬೆಳಿಗ್ಗೆ ಒಂದೇ ಹೊತ್ತಿನಲ್ಲಿ, ಸುತ್ತಿಗೆಯಿಂದ ಶ್ರುತಿ ಸರಿಮಾಡಿಕೊಂಡ ಮೇಲೆಯೇ ಅಳೆಯಿರಿ. ಇದನ್ನು ರಿಯಾಜ್‌ನ ಲೆಕ್ಕಕ್ಕೆ ಹಿಡಿಯಬೇಡಿ, ಅದರ ಒಂದು ಗಂಟೆ ಬೇರೆಯೇ ಇರಲಿ.