ಅಪ್‌ಡೇಟ್: ವಿದೇಶಿ ಬೂಟು ವಾಪಸ್ ಕಳಿಸಿದರೆ ಕಟ್ಟಿದ ಸುಂಕ ಸಿಗುತ್ತಾ?

ಹೊರದೇಶದ ಸೈಟಿನಿಂದ ತರಿಸಿದ ಬೂಟಿಗೆ ಕೊರಿಯರ್‌ನವರು ಅಷ್ಟೊಂದು ಸುಂಕ ಕೇಳಿದ್ದೇಕೆ, ಆರ್ಡರ್ ಮಾಡಿದ ಸೈಜ್ ಬರದಿದ್ದರೆ ಆ ದುಡ್ಡು ವಾಪಸ್ ಬರುತ್ತಾ ಅಂತ ಕೇಳಿದ್ದೆ. ಉತ್ತರ ಸಿಕ್ಕಿದೆ.

ಸುಂಕ ಬೀಳುವುದು ಬರೀ ಬೆಲೆಯ ಮೇಲಲ್ಲ. ಸಾಗಣೆ, ವಿಮೆ ಸೇರಿದ ಮೊತ್ತದ ಮೇಲೆ. ಆ ಖರ್ಚು ಗೊತ್ತಾಗದಿದ್ದರೆ ಬೆಲೆಯ 20% ಮತ್ತು 1.125% ಸೇರಿಸುತ್ತಾರೆ: 6,000 ರೂಪಾಯಿಯ ಬೂಟು 7,267.50 ಆಗುತ್ತದೆ. ಇದಕ್ಕೆ ಸುಂಕವನ್ನೂ ಕೂಡಿಸಿ, ಒಟ್ಟು ಮೊತ್ತಕ್ಕೆ ಐಜಿಎಸ್‌ಟಿ (ಆಮದಿನ ಮೇಲೂ ಬೀಳುವ ಜಿಎಸ್‌ಟಿ). ಕೊರಿಯರ್‌ನವರ ಸೇವಾಶುಲ್ಕ ಬೇರೆ. ಅದು ಸರ್ಕಾರಕ್ಕೆ ಹೋಗುವ ದುಡ್ಡಲ್ಲ, ಕಸ್ಟಮ್ಸ್‌ನವರನ್ನು ಕೇಳಿ ಫಲವಿಲ್ಲ.

ಸುಂಕ ವಾಪಸಾತಿಗೆ ಕಸ್ಟಮ್ಸ್ ಕಾಯ್ದೆಯ 26ಎ ಕಲಂ ಇದೆ. ಮಾಲು ಕೆಟ್ಟಿರಬೇಕು ಇಲ್ಲವೇ ಒಪ್ಪಿದ ವಿವರಕ್ಕೆ ಹೊಂದದಿರಬೇಕು. ದೋಷ ತಿಳಿಯಲು ಬೇಕಾದ್ದಕ್ಕಿಂತ ಹೆಚ್ಚು ಬಳಸಿರಬಾರದು. ಮಾಲು ಬಿಡಲು ಕಸ್ಟಮ್ಸ್‌ನ ಕ್ಲಿಯರೆನ್ಸ್ ಆದೇಶವಾದ 30 ದಿನದೊಳಗೆ ರಫ್ತಾಗಬೇಕು, ಅರ್ಜಿಗೆ 6 ತಿಂಗಳ ಗಡುವು. ಬಹಳ ಜನಕ್ಕೆ ಏಟು ಬೀಳುವುದು ಆ 30 ದಿನದಲ್ಲೇ: ಅಂಗಡಿಯವರ ರಿಟರ್ನ್ ಒಪ್ಪಿಗೆ ಬರುವಷ್ಟರಲ್ಲಿ ಅರ್ಧ ಅವಧಿ ಮುಗಿದಿರುತ್ತದೆ. ಪಾರ್ಸೆಲ್ ಕೈಸೇರಿದ ದಿನವೇ ಕೊರಿಯರ್‌ನಿಂದ ಬಿಲ್ ಆಫ್ ಎಂಟ್ರಿ (ಆಮದಿನ ಕಸ್ಟಮ್ಸ್ ದಾಖಲೆ) ಪ್ರತಿ ಕೇಳಿ, ಡಬ್ಬದ ಲೇಬಲ್ ಕೀಳಬೇಡಿ. ಬಂದದ್ದೂ ಹೋಗುತ್ತಿರುವುದೂ ಒಂದೇ ಮಾಲು ಅಂತ ಅಧಿಕಾರಿಗೆ ತೋರಿಸಲಾಗದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.