ಸೇನೆಯಿಂದ ಮರಳಿದವರ ಮನಸ್ಸಿನ ಗಾಯ: ಮಲೆನಾಡಿನ ಮನೆಗಳ ಅನುಭವ

ಕೇಳಿದ್ದು, ಹೊಸನಗರ ತಾಲ್ಲೂಕಿನಿಂದ:
ನನ್ನ ಯಜಮಾನರು ಕಾಶ್ಮೀರದಲ್ಲಿ ಉಗ್ರರ ವಿರುದ್ಧದ ಕಾರ್ಯಾಚರಣೆಗಳಲ್ಲಿದ್ದು ಈಗ ನಿವೃತ್ತರಾಗಿದ್ದಾರೆ. ರಾತ್ರಿ ಬೆಚ್ಚಿ ಏಳುತ್ತಾರೆ. ತೋಟದಲ್ಲಿ ಮಂಗ ಓಡಿಸಲು ಯಾರಾದರೂ ಈಡು ಹೊಡೆದರೆ ದಿನವಿಡೀ ಮಾತಾಡುವುದಿಲ್ಲ. ಕುಡಿತವೂ ಹೆಚ್ಚಿದೆ. ಏನು ಮಾಡಲಿ?

ಸಾಗರದಿಂದ, ಮಾಜಿ ಸೈನಿಕರೊಬ್ಬರ ಪತ್ನಿ:
ತಂಗಿ, ವೈದ್ಯರನ್ನು ಹುಡುಕುವುದಕ್ಕೂ ಮೊದಲು ಮನೆಯಲ್ಲಿ ಕೋವಿ ಇದೆಯೇ ನೋಡಿ. ನಮ್ಮ ಕಡೆ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಎಷ್ಟೋ ಮನೆಗಳಲ್ಲಿದೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವ ರೂಢಿ ಇರುವುದರಿಂದ, ಅವರು ಚೇತರಿಸಿಕೊಳ್ಳುವವರೆಗೂ ಹಾಗೆಯೇ ಒಪ್ಪಿಸಿಡಲು ಸಾಧ್ಯವೇ ಎಂದು ಠಾಣೆಯಲ್ಲಿ ವಿಚಾರಿಸಿ. ಕೊಳೆರೋಗಕ್ಕೆಂದು ತಂದಿಟ್ಟ ಮೈಲುತುತ್ತ, ಕೀಟನಾಶಕಗಳಿಗೂ ಬೀಗ ಹಾಕಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ.

ಅಲ್ಲಿ ಏನಾಯಿತು ಹೇಳಿ ಎಂದು ಒತ್ತಾಯಿಸಬೇಡಿ. ನೆಂಟರು ಕುತೂಹಲದಿಂದ ಕೇಳುವ ಯುದ್ಧದ ಕತೆಗಳನ್ನೂ ನೀವೇ ತಡೆಯಿರಿ, ಏಕೆಂದರೆ ಆ ನೆನಪುಗಳನ್ನು ಹಂತಹಂತವಾಗಿ ಎದುರಿಸುವಂತೆ ಮಾಡುವುದು ತರಬೇತಿ ಪಡೆದ ಚಿಕಿತ್ಸಕರ ಕೆಲಸ. ಈಡು ಹೊಡೆಯುವ ಮುನ್ನ ತಿಳಿಸುವಂತೆ ಅಕ್ಕಪಕ್ಕದ ತೋಟದವರನ್ನು ನಾವು ಕೇಳಿಕೊಂಡೆವು, ಯಾರೂ ಬೇಸರಿಸಲಿಲ್ಲ. ಗಾಳಿ ಸೋಕಿದೆ ಎಂದು ಹಿರಿಯರು ತಾಯಿತ ಕಟ್ಟಿಸಿದರೆ ಜಗಳವಾಡಬೇಡಿ, ಆದರೆ ಅದರ ನೆಪದಲ್ಲಿ ಚಿಕಿತ್ಸೆಯನ್ನು ಮುಂದೂಡಬೇಡಿ.

ಶಿವಮೊಗ್ಗದಿಂದ, ನಿವೃತ್ತ ಹವಾಲ್ದಾರ್:
ಆಘಾತದ ನಂತರ ಕಾಡುವ ಇದೇ ಮನಸ್ಸಿನ ಕಾಯಿಲೆಗೆ (ಪಿಟಿಎಸ್‌ಡಿ ಎನ್ನುತ್ತಾರೆ) ನಾನೂ ಚಿಕಿತ್ಸೆ ಪಡೆದವನು. ಮನೋವೈದ್ಯರ ಹೆಸರೆತ್ತಿದರೆ ನಮ್ಮವರು ಒಪ್ಪುವುದಿಲ್ಲ; ನಿದ್ರೆಗೆ ತೋರಿಸೋಣ ಎಂದರೆ ಒಪ್ಪುತ್ತಾರೆ, ಮತ್ತು ಅದು ಸುಳ್ಳೂ ಅಲ್ಲ. ಪಿಂಚಣಿಗೆ ಕುತ್ತು ಬಂದೀತೆಂಬ ಭಯ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ರೋಗಿಯ ಮಾಹಿತಿಯ ಗೋಪ್ಯತೆಯನ್ನು ಹಕ್ಕಾಗಿಯೇ ನೀಡಿದೆ. ಮಾಜಿ ಸೈನಿಕರಿಗೆ 2003ರಿಂದ ಇರುವ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡ್ ಇದ್ದರೆ ಅದರ ಪಾಲಿಕ್ಲಿನಿಕ್‌ನಿಂದ ರೆಫರಲ್ ಪಡೆಯಿರಿ. ಇಲ್ಲವಾದರೆ ಇಲ್ಲಿನ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಬನ್ನಿ.

ಕುಡಿತವನ್ನು ಒಂದೇ ದಿನ ಬಿಡಿಸಲು ಹೋಗಬೇಡಿ. ಹೆಚ್ಚು ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಅದನ್ನು ವೈದ್ಯರ ನಿಗಾದಲ್ಲೇ ಬಿಡಿಸಬೇಕು. ಅಂಗಡಿಯಿಂದ ನಿದ್ರೆಮಾತ್ರೆ ತಂದು ಕೊಡುವುದೂ ಬೇಡ, ಮದ್ಯದ ಜೊತೆ ಅದು ಉಸಿರಾಟವನ್ನೇ ಕುಗ್ಗಿಸಬಹುದು. ಈ ಕಾಯಿಲೆಗೆ ಕೊಡುವ ಸರ್ಟ್ರಲಿನ್‌ನಂತಹ ಮಾತ್ರೆಗಳ ಗುಣ ಕಾಣಲು ಹಲವು ವಾರ ಬೇಕಾಗುವುದರಿಂದ, ಪ್ರಯೋಜನವಿಲ್ಲವೆಂದು ನಡುವೆ ಬಿಡಬಾರದು. ಮಾತ್ರೆಯಷ್ಟೇ ಮುಖ್ಯವಾದದ್ದು ಆಘಾತದ ನೆನಪುಗಳನ್ನೇ ಗುರಿಯಾಗಿಸಿದ ಮಾತಿನ ಚಿಕಿತ್ಸೆ; ಅದು ಸಿಗುತ್ತದೆಯೇ ಎಂದು ಮೊದಲ ಭೇಟಿಯಲ್ಲೇ ಕೇಳಿ, ಇಲ್ಲವೆಂದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳುಹಿಸುವಂತೆ ಬರೆಸಿಕೊಳ್ಳಿ.

ತೀರ್ಥಹಳ್ಳಿಯಿಂದ:
ಅವರು ಈಗಲೇ ಹೊರಡಲು ಒಪ್ಪದಿದ್ದರೆ ನೀವೇ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಈ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್, ಹಗಲುರಾತ್ರಿ ಉಚಿತವಾಗಿ, ಕನ್ನಡದಲ್ಲೇ ಸಿಗುತ್ತದೆ. ಕಾಯಿಲೆಯಾದವರೇ ಮಾತಾಡಬೇಕೆಂದಿಲ್ಲ; ಅಕ್ಕ, ನಿಮಗೆ ನಿದ್ರೆ ಕೆಟ್ಟಿದ್ದರೆ ಅದನ್ನೂ ಹೇಳಿಕೊಳ್ಳಿ.