ನೆಬ್ರಾಸ್ಕಾದ ‘ಅಕ್ಷರಮಾಲೆ ಊರು’ಗಳನ್ನು ಕಟ್ಟಿದ್ದು ಯಾರು: ರೈಲು ಕಂಪನಿಯಾ, ರೈತರಾ?

ಹಳಿಪ್ರಿಯ: 1870ರ ದಶಕದ ಶುರುವಿನಲ್ಲಿ ಬರ್ಲಿಂಗ್ಟನ್ ರೈಲು ಕಂಪನಿ ಅಮೆರಿಕದ ನೆಬ್ರಾಸ್ಕಾದಲ್ಲಿ ಪಶ್ಚಿಮಕ್ಕೆ ಹಳಿ ಹಾಕುತ್ತಾ ಹೋಯಿತು. ದಾರಿಯ ಊರುಗಳ ಹೆಸರು ಇಂಗ್ಲಿಷ್ ಅಕ್ಷರಗಳ ಸಾಲಿನಲ್ಲೇ ಬರುತ್ತವೆ: ಕ್ರೀಟ್, ಡಾರ್ಚೆಸ್ಟರ್, ಎಕ್ಸೆಟರ್, ಫೇರ್‌ಮಾಂಟ್, ಗ್ರಾಫ್ಟನ್, ಹಾರ್ವರ್ಡ್, ಇನ್‌ಲ್ಯಾಂಡ್, ಜುನಿಯಾಟಾ, ಕೆನೆಸಾ, ಲೋವೆಲ್. ಜನ ಸೇರುವ ಮೊದಲೇ ಕಂಪನಿಯವರು ನಕ್ಷೆ ಬರೆದು ಸೈಟು ಗುರುತು ಮಾಡಿದ್ದರು. ಹಾಗಾಗಿ ಇವು ಕಂಪನಿ ಕಟ್ಟಿದ ಊರುಗಳು. ರೈತರು ಆಮೇಲೆ ಬಂದವರು.

ಮಣ್ಣಿನಮಗ: ‘ಆಮೇಲೆ ಬಂದವರು’ ಅಂತ ಎಷ್ಟು ಸುಲಭವಾಗಿ ಹೇಳಿಬಿಟ್ಟಿರಿ! 1862ರ ಹೋಮ್‌ಸ್ಟೆಡ್ ಕಾಯ್ದೆ ಐದು ವರ್ಷ ಅಲ್ಲೇ ಇದ್ದು ಉತ್ತವರಿಗೆ 160 ಎಕರೆ ಕೊಟ್ಟಿತು. ಮರವಿಲ್ಲದ ಬಯಲಲ್ಲಿ ಬೇರುಗಟ್ಟಿದ ಹುಲ್ಲುಹೆಂಟೆಯನ್ನು ಕತ್ತರಿಸಿ, ಒಂದರ ಮೇಲೊಂದು ಪೇರಿಸಿ ಮನೆ ಕಟ್ಟಿಕೊಂಡರು. ಅವರು ಬೆಳೆಯದಿದ್ದರೆ ಗೂಡ್ಸ್ ಗಾಡಿಗೆ ಏನು ತುಂಬುತ್ತಿದ್ದರು? ಊರಿಂದ ಊರಿಗೆ ಇರುವ ದೂರ ನೋಡಿ. ಕುದುರೆ ಗಾಡಿಯಲ್ಲಿ ಧಾನ್ಯ ಹಾಕಿ ಅದೇ ದಿನ ಮನೆಗೆ ವಾಪಸ್ ಬರುವಷ್ಟು. ಆ ಲೆಕ್ಕ ರೈತನದು.

ಕಡತ: ‘160 ಎಕರೆ’ ಪೂರ್ತಿ ನಿಜ ಅಲ್ಲ. ಸರ್ಕಾರ ರೈಲು ಕಂಪನಿಗೆ ಕೊಟ್ಟ ಭೂಮಿಯ ವ್ಯಾಪ್ತಿಯಲ್ಲಿ ಆಗ ಹೆಚ್ಚಿನವರಿಗೆ ಸಿಕ್ಕಿದ್ದು 80 ಎಕರೆ ಮಾತ್ರ. ಚದುರಂಗದ ಹಾಸಿನ ಹಾಗೆ ಒಂದು ಚೌಕ ಕಂಪನಿಗೆ, ಪಕ್ಕದ್ದು ಸರ್ಕಾರಕ್ಕೆ. ಬರ್ಲಿಂಗ್ಟನ್‌ಗೆ ನೆಬ್ರಾಸ್ಕಾದಲ್ಲಿ ಹೀಗೆ ಸಿಕ್ಕಿದ್ದು 20 ಲಕ್ಷ ಎಕರೆಗೂ ಜಾಸ್ತಿ.

ಹಳಿಪ್ರಿಯ: ‘ಕುದುರೆ ಗಾಡಿ’ ಲೆಕ್ಕ ಎಲ್ಲರೂ ಹೇಳುತ್ತಾರೆ. ಆದರೆ ನಿಲ್ಲಬೇಕಾಗಿದ್ದು ಇಂಜಿನ್. ಆಗಿನ ಉಗಿ ಇಂಜಿನ್ನಿನ ಹಿಂದಿನ ಟೆಂಡರ್, ಅಂದರೆ ನೀರು, ಇಂಧನ ಹೊರುವ ಗಾಡಿ, ಚಿಕ್ಕದು, ನೀರು ಬೇಗ ಖಾಲಿ. ಬಾಯ್ಲರ್ ಒಣಗಿದರೆ ಸಿಡಿಯುತ್ತಿತ್ತು. ಎಲ್ಲಿ ನೀರೋ ಅಲ್ಲಿ ನಿಲ್ದಾಣ, ಎಲ್ಲಿ ನಿಲ್ದಾಣವೋ ಅಲ್ಲಿ ಊರು.

ಮಣ್ಣಿನಮಗ: ‘ಎಲ್ಲಿ ನೀರೋ ಅಲ್ಲಿ ಊರು’ ಅನ್ನೋದಕ್ಕೆ ಆಧಾರ ಏನು? ನೀರಿಗೆ ಊರೇ ಬೇಕಿಲ್ಲ. ಒಂದು ಬಾವಿ, ಅದರ ಮೇಲೆ ಗಾಳಿಯಂತ್ರ, ಪಕ್ಕದಲ್ಲಿ ಮರದ ತೊಟ್ಟಿ. ಬಟಾಬಯಲಲ್ಲೂ ಇಂಥ ತೊಟ್ಟಿಗಳಿದ್ದವು. ಅವೆಲ್ಲ ಊರಾದವಾ?

ಹಳಿಪ್ರಿಯ: ತೊಟ್ಟಿ ತಾನೇ ತುಂಬಿಕೊಳ್ಳುತ್ತದಾ? ಪಂಪ್ ನೋಡಿಕೊಳ್ಳಲು ಆಳು ಬೇಕು. ಹಳಿ ರಿಪೇರಿಗೆ ಕೆಲವು ಮೈಲಿಗೊಂದು ಗ್ಯಾಂಗ್ ಬೇಕು. ಅವರಿಗೆ ಮನೆ, ಅಂಗಡಿ, ಅಂಚೆ ಬೇಕು. ಊರು ಶುರುವಾಗೋದು ಹೀಗೆ.

ಮಣ್ಣಿನಮಗ: ಐದಾರು ಗ್ಯಾಂಗ್‌ಮನ್‌ಗಳ ಬಿಡಾರವನ್ನು ಊರು ಅಂತೀರಾ? ಬ್ಯಾಂಕು, ಶಾಲೆ, ಚರ್ಚು, ನೇಗಿಲು ಮಾರುವ ಅಂಗಡಿ ಬಂದಿದ್ದು ರೈತರ ದುಡ್ಡಿನಿಂದ. ಹಳಿ ಪಕ್ಕದ ಧಾನ್ಯದ ಎಲಿವೇಟರ್, ಅಂದರೆ ಧಾನ್ಯ ಮೇಲೆತ್ತಿ ತುಂಬಿಡುವ ಎತ್ತರದ ಉಗ್ರಾಣ, ನೀರಿಗಾಗಿ ಕಟ್ಟಿದ್ದಾ?

ಪಾರಿಜಾತ: ಇಬ್ಬರೂ ಖಾಲಿ ಬಯಲು ಅನ್ನೋ ಹಾಗೆ ಮಾತಾಡುತ್ತಿದ್ದೀರಿ. ಪ್ಲಾಟ್ ನದಿಯ ದಕ್ಷಿಣದ ಭೂಮಿಯನ್ನು ಅಲ್ಲಿನ ಮೂಲನಿವಾಸಿಗಳಾದ ಪಾನೀ ಜನರಿಂದ 1833ರ ಒಪ್ಪಂದದಲ್ಲಿ ಬಿಡಿಸಿಕೊಳ್ಳಲಾಯಿತು. ಈ ಊರುಗಳೆಲ್ಲ ಆ ಕಡೆಯವೇ. ಯಾರು ಕಟ್ಟಿದರು ಅಂತ ಕೇಳುವಾಗ ಯಾರ ನೆಲದಲ್ಲಿ ಅಂತಲೂ ಕೇಳಿ.

ಹಳಿಪ್ರಿಯ: @ಮಣ್ಣಿನಮಗ, ಎಲಿವೇಟರ್ ವಿಷಯ ನೀವೇ ತೆಗೆದಿರಿ. ಅದು ನಿಂತ ಜಾಗವೂ ಬಹಳ ಕಡೆ ಕಂಪನಿಯದೇ. ಹಳಿ ಪಕ್ಕದ ನೆಲ ಲೀಸಿಗೆ ಸಿಕ್ಕದೆ ಯಾರೂ ಎಲಿವೇಟರ್ ಕಟ್ಟೋಕೆ ಆಗುತ್ತಿರಲಿಲ್ಲ.

ಮಣ್ಣಿನಮಗ: ಅದಕ್ಕೇ ರೈತರು ಎದ್ದು ನಿಂತಿದ್ದು! 1867ರಲ್ಲಿ ಗ್ರೇಂಜ್ ಅನ್ನೋ ರೈತರ ಸಂಘ ಹುಟ್ಟಿತು. 1877ರಲ್ಲಿ ಎಲಿವೇಟರ್ ಮಾಲೀಕ ಮನ್ ಮತ್ತು ಇಲಿನಾಯ್ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಎಲಿವೇಟರ್ ದರಕ್ಕೆ ರಾಜ್ಯ ಮಿತಿ ಹಾಕಬಹುದು ಅಂತ ತೀರ್ಪು ಕೊಟ್ಟಿತು. ಕಂಪನಿಗಳು ಇಷ್ಟು ಉಪಕಾರಿಯಾಗಿದ್ದರೆ ಜನ ಇಂಥ ಕಾನೂನು ಯಾಕೆ ಕೇಳುತ್ತಿದ್ದರು?

ಕಡತ: ಆ ಮೊಕದ್ದಮೆ ಷಿಕಾಗೋದ ದೊಡ್ಡ ಎಲಿವೇಟರುಗಳದ್ದು. ಹಾರ್ವರ್ಡ್, ಗ್ರಾಫ್ಟನ್‌ನಂಥ ಊರಿನದ್ದಲ್ಲ.

ಮಣ್ಣಿನಮಗ: ಗೋಧಿ ಹೋಗುತ್ತಿದ್ದದ್ದೇ ಅಂಥ ದೊಡ್ಡ ಮಾರುಕಟ್ಟೆಗಳಿಗೆ ಸ್ವಾಮಿ. ಸುಮ್ನೆ ಎಳೆ ಹಿಡಿದು ಜಗ್ಗಬೇಡಿ.

ನಕ್ಷೆಗಾರ: ತೊಟ್ಟಿ ಜಗಳ ಬಿಟ್ಟು ಜುನಿಯಾಟಾ ನೋಡಿ. ಅದು ಆಡಮ್ಸ್ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಕೇಂದ್ರವಾಗಿತ್ತು. 1872ರಲ್ಲಿ ಇನ್ನೊಂದು ಕಂಪನಿಯ ಹಳಿ ಬಂದು ಬರ್ಲಿಂಗ್ಟನ್ ಹಳಿಯನ್ನು ಕೂಡಿದ್ದು ಸ್ವಲ್ಪ ಪೂರ್ವಕ್ಕೆ, ಅಕ್ಷರಗಳ ಸಾಲಿನಲ್ಲೇ ಇಲ್ಲದ ಹೇಸ್ಟಿಂಗ್ಸ್‌ನಲ್ಲಿ. 1878ರ ಹೊತ್ತಿಗೆ ಕೌಂಟಿ ಕೇಂದ್ರವೂ ಅಲ್ಲಿಗೇ ಹೋಯಿತು. ಜುನಿಯಾಟಾ ಇವತ್ತಿಗೂ ಸಣ್ಣ ಹಳ್ಳಿ. ಲೋವೆಲ್ ಕಥೆಯೂ ಹಾಗೇ, ಅದರ ಕೌಂಟಿ ಕೇಂದ್ರ ಮಿಂಡೆನ್‌ಗೆ ಹೋಯಿತು. ಊರು ಹುಟ್ಟಿಸೋದು ಬೇರೆ, ಬೆಳೆಯೋದು ಬೇರೆ.

ಹಳಿಪ್ರಿಯ: ‘ಹಳಿಯನ್ನು ಕೂಡಿದ್ದು’ ಅಂದಿರಲ್ಲ, ನಾನು ಹೇಳಿದ್ದೂ ಅದೇ. ಹಳಿಯೇ ತೀರ್ಮಾನ ಮಾಡಿತು.

ಮಣ್ಣಿನಮಗ: ಬರ್ಲಿಂಗ್ಟನ್ ನಕ್ಷೆ ಬರೆದ ಊರು ಸೋತಿತು, ಬರೆಯದ ಊರು ಗೆದ್ದಿತು. ಇದು ನಿಮ್ಮ ವಾದಕ್ಕೆ ಆಧಾರವಾ? ಎರಡು ಕಂಪನಿ ಇದ್ದ ಕಡೆ ರೈತನಿಗೆ ಆಯ್ಕೆ ಇತ್ತು. ಅವನು ಗಾಡಿ ಅತ್ತ ತಿರುಗಿಸಿದ.

ಹಳಿಪ್ರಿಯ: ಆ ಆಯ್ಕೆ ಕೊಟ್ಟಿದ್ದು ಎರಡನೇ ಹಳಿ. ಅದು ಬರದಿದ್ದರೆ ಗಾಡಿ ಎತ್ತ ತಿರುಗಿಸುತ್ತಿದ್ದ?

ಪಾರಿಜಾತ: ನನ್ನ ಮಾತಿಗೆ ಒಬ್ಬರೂ ಉತ್ತರಿಸಿಲ್ಲ.

ಮಣ್ಣಿನಮಗ: @ಹಳಿಪ್ರಿಯ, ನಾನು ಕೇಳಿದ್ದು ಇನ್ನೂ ಹಾಗೇ ಇದೆ. ಬಟಾಬಯಲ ತೊಟ್ಟಿಗಳು ಯಾಕೆ ಊರಾಗಲಿಲ್ಲ? ಅದಕ್ಕೆ ಉತ್ತರ ಕೊಟ್ಟು ಮುಂದೆ ಮಾತಾಡಿ.